ಕೇಳುವ ಮೊದಲೇ ಹೇಳಿಟ್ಟ ಉತ್ತರ

ಹಾಸನದ ಒಂದು ಕಾಲೇಜಿನ ಲ್ಯಾಬಿನಲ್ಲಿ 30 ಮಷಿನ್‌ಗೆ ಡೆಬಿಯನ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪ್ರತಿ ಮಷಿನ್ನೂ ಅವೇ ಪ್ರಶ್ನೆ ಕೇಳುತ್ತದೆ. ಯಾವ ಭಾಷೆ, ಯಾವ ಕೀಬೋರ್ಡ್, ಡಿಸ್ಕ್ ಹೇಗೆ ಪಾಲು ಮಾಡಲಿ, ಪಾಸ್‌ವರ್ಡ್ ಏನು. ಮೂವರು ಕೂತು ಉತ್ತರ ಕೊಡುತ್ತಾ ಹೋದೆವು. ಸಂಜೆ ಹೊತ್ತಿಗೆ ಪ್ರಶ್ನೆ ಓದುವುದನ್ನೂ ಬಿಟ್ಟು ಸುಮ್ನೆ ಎಂಟರ್ ಒತ್ತುತ್ತಿದ್ದೆವು. ಸೋಮವಾರ ಬಂದು ನೋಡಿದರೆ ನಾಲ್ಕು ಮಷಿನ್ ಒಂದು ಥರ, ಉಳಿದವು ಇನ್ನೊಂದು ಥರ. "ಆ ಮೂಲೆ ಮಷಿನ್ ಮೊದಲಿಂದಲೂ ಹಾಗೇ ಸಾರ್, ಅದರ ಗ್ರಹಚಾರ" ಅಂದರು ಒಬ್ಬರು.

ಈ ಮಾತು ಕೇಳಿದರೆ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ. ಮಷಿನ್‌ಗೆ ಗ್ರಹಚಾರ ಇರುವುದಿಲ್ಲ. ದಣಿದ ಒಬ್ಬರು ಒಂದು ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದ್ದರು, ಏನು ಕೊಟ್ಟರು ಅಂತ ಎಲ್ಲೂ ಬರೆದಿರಲಿಲ್ಲ, ಅಷ್ಟೇ. "ಆ ಸರ್ವರ್ ನಡೀತಾ ಇದೆ, ಯಾರೂ ಮುಟ್ಟಬೇಡಿ" ಅನ್ನುವ ಭಯವೂ ಇಲ್ಲಿಂದಲೇ ಬರುವುದು. ಅದು ಹೇಗೆ ಹುಟ್ಟಿತು ಅಂತ ಗೊತ್ತಿದ್ದರೆ ಮತ್ತೆ ಹುಟ್ಟಿಸಬಹುದು, ಆಗ ಭಯ ಯಾಕೆ?

ಉತ್ತರಗಳನ್ನು ಮೊದಲೇ ಬರೆದಿಟ್ಟು ಎದುರಿಗೆ ಯಾರೂ ಇಲ್ಲದೆ ಇನ್‌ಸ್ಟಾಲ್ ಮಾಡಬಹುದು. ಇದು ಗೊತ್ತಿರುವವರಲ್ಲೂ ತುಂಬಾ ಜನ ಒಂದು ತಪ್ಪು ತಿಳಿದಿರುತ್ತಾರೆ. ಒತ್ತಿದ ಕೀಗಳನ್ನು ರೆಕಾರ್ಡ್ ಮಾಡಿ ಮತ್ತೆ ಒತ್ತಿಸಿದರೆ ಆಯ್ತು ಅಂತ. ಶುರುವಾಗಿದ್ದು ಹಾಗೇ, ನಿಜ. ಲಿನಕ್ಸ್‌ಗೆ ಮಾದರಿಯಾದ ಹಳೇ ಆಪರೇಟಿಂಗ್ ಸಿಸ್ಟಮ್ ಯುನಿಕ್ಸ್‌ನ 1979ರ 7ನೇ ಆವೃತ್ತಿಯಲ್ಲೇ 'ಯೆಸ್' ಅಂತ ಒಂದು ಕಮಾಂಡ್ ಇತ್ತು. ನಿಲ್ಲಿಸುವ ತನಕ ಸಾಲುಸಾಲಾಗಿ 'ವೈ' ಅಕ್ಷರ ಉಗುಳುವುದಷ್ಟೇ ಅದರ ಕೆಲಸ. ಏನು ಕೇಳಿದರೂ ಹೂಂ. 1990ರಲ್ಲಿ ಅಮೆರಿಕದಲ್ಲಿ ಡಾನ್ ಲೈಬ್ಸ್ 'ಎಕ್ಸ್‌ಪೆಕ್ಟ್' ಅನ್ನುವ ಪ್ರೋಗ್ರಾಂ ಮಾಡಿದರು. ಪರದೆಯ ಮೇಲೆ ಇಂಥ ಅಕ್ಷರ ಬಂದರೆ ಇಂಥ ಉತ್ತರ ಟೈಪ್ ಮಾಡು ಅಂತ ಅದಕ್ಕೆ ಹೇಳಿಕೊಡಬಹುದು. ದೊಡ್ಡ ಹೆಜ್ಜೆಯೇ. ಆದರೆ ಮುಂದಿನ ಆವೃತ್ತಿಯಲ್ಲಿ ಪ್ರಶ್ನೆಯ ಒಂದು ಪದ ಬದಲಾದರೂ ಅದು ಬಾಯಿ ಬಿಟ್ಟುಕೊಂಡು ಕಾಯುತ್ತದೆ.

ಚಿಕ್ಕಮಗಳೂರಿನ ಕಡೆಯ ಒಂದು ಕಾಫಿ ತೋಟ ನೆನೆಸಿಕೊಳ್ಳಿ. ಯಜಮಾನರು ಒಂದು ವಾರ ಊರಲ್ಲಿ ಇರುವುದಿಲ್ಲ. ಹೋಗುವಾಗ ತೋಟದ ಲೆಕ್ಕ ನೋಡುವ ರೈಟರ್‌ಗೆ "ಮೇಸ್ತ್ರಿ ಬಂದು ಕೇಳಿದರೆ ಮೊದಲು ಹೂಂ ಅನ್ನು, ಆಮೇಲೆ ಬೇಡ ಅನ್ನು, ಮೂರನೇದಕ್ಕೆ ಹೂಂ" ಅಂತ ಹೇಳಿ ಹೋದರು. ಮೇಸ್ತ್ರಿ ಒಂದು ಪ್ರಶ್ನೆ ಜಾಸ್ತಿ ಕೇಳಿದರೂ ಎಲ್ಲ ಉತ್ತರ ಒಂದೊಂದು ಮನೆ ಸರಿಯುತ್ತದೆ. ಗೊಬ್ಬರಕ್ಕೆ ಹೇಳಿದ ಹೂಂ ಹೋಗಿ ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದಕ್ಕೆ, ಕೂರುತ್ತದೆ. ಅದರ ಬದಲು ಒಂದು ಪುಸ್ತಕದಲ್ಲಿ "ಗೊಬ್ಬರ: ಹಾಕಿ. ಮರಗಸಿ: ಈಗ ಬೇಡ. ಔಷಧಿ: ಮಳೆ ಬಿಟ್ಟ ಮೇಲೆ" ಅಂತ ಬರೆದಿಟ್ಟರೆ ಮೇಸ್ತ್ರಿ ಯಾವ ಕ್ರಮದಲ್ಲಿ ಕೇಳಿದರೂ, ಯಾವ ಭಾಷೆಯಲ್ಲಿ ಕೇಳಿದರೂ ತಪ್ಪಾಗುವುದಿಲ್ಲ. ಮದುವೆ ಅಡುಗೆ ಭಟ್ಟರಿಗೆ ಪಟ್ಟಿ ಕೊಡುವುದೂ ಹೀಗೇ ಅಲ್ವಾ? ಮುಹೂರ್ತದ ಹೊತ್ತಲ್ಲಿ ಅವರು ಮಂಟಪಕ್ಕೆ ಬಂದು "ಸಾರಿಗೆ ಬೆಲ್ಲ ಹಾಕಲಾ" ಅಂತ ಕೇಳುವ ಹಾಗಿರಬಾರದು.

ಪ್ರಶ್ನೆ ಕೇಳಿ ಉತ್ತರ ಇಟ್ಟುಕೊಳ್ಳುವ ಡೆಬಿಯನ್ನಿನ ವ್ಯವಸ್ಥೆ 'ಡೆಬ್‌ಕಾನ್ಫ್' ಮಾಡುವುದು ಇದನ್ನೇ, ಮತ್ತು ನನಗೆ ತುಂಬಾ ಇಷ್ಟವಾದ ವಿಷಯವೂ ಇದೇ. ಅಲ್ಲಿ ಪ್ರತಿ ಪ್ರಶ್ನೆಗೂ ಒಂದು ಹೆಸರಿದೆ. ಉತ್ತರದ ಫೈಲಿಗೆ 'ಪ್ರಿಸೀಡ್' ಅನ್ನುತ್ತಾರೆ. ಅದರ ಒಂದು ಸಾಲಿನಲ್ಲಿ ನಾಲ್ಕು ಭಾಗ: ಯಾರು ಕೇಳುತ್ತಾರೆ, ಪ್ರಶ್ನೆಯ ಹೆಸರು, ಉತ್ತರ ಯಾವ ಬಗೆಯದು, ಉತ್ತರ. "ಡಿ-ಐ ಟೈಮ್/ಝೋನ್ ಸ್ಟ್ರಿಂಗ್ ಏಷ್ಯಾ/ಕೋಲ್ಕತಾ" ಅಂದ ಹಾಗೆ. ಡಿ-ಐ ಅಂದರೆ ಡೆಬಿಯನ್ ಇನ್‌ಸ್ಟಾಲರ್, ಸ್ಟ್ರಿಂಗ್ ಅಂದರೆ ಅಕ್ಷರಗಳ ಸಾಲು. ಬಗೆಗೂ ಉತ್ತರಕ್ಕೂ ನಡುವೆ ಒಂದೇ ಒಂದು ಸ್ಪೇಸ್ ಇರಬೇಕು. ಎರಡು ಬಿಟ್ಟರೆ ಎರಡನೆಯದು ಉತ್ತರದ್ದೇ ಭಾಗ ಆಗುತ್ತದೆ. ಸಾಲುಗಳು ಅಂದವಾಗಿ ಕಾಣಲಿ ಅಂತ ನಾನು ಸ್ಪೇಸ್ ಹಾಕಿ ಜೋಡಿಸಿ, ಆ ತಪ್ಪು ಹುಡುಕುತ್ತಾ ಒಂದು ಇಡೀ ಸಂಜೆ ಕಳೆದೆ.

ಒಂದು ಮಷಿನ್‌ಗೆ ಕೈಯಾರೆ ಉತ್ತರ ಕೊಟ್ಟು, 'ಡೆಬ್‌ಕಾನ್ಫ್-ಗೆಟ್-ಸೆಲೆಕ್ಷನ್ಸ್' ಕಮಾಂಡಿನಿಂದ ಆ ಉತ್ತರಗಳನ್ನೆಲ್ಲ ಹೊರತೆಗೆಯಬಹುದು. ಆದರೆ ಅದನ್ನೇ ಹಾಗ್‌ಹಾಗೇ ಇನ್ನೊಂದಕ್ಕೆ ತುರುಕಬೇಡಿ. ಮೊದಲೇ ತುಂಬಬಾರದ ಸಾಲುಗಳೂ ಅದರಲ್ಲಿ ಬಂದಿರುತ್ತವೆ. ಡೆಬಿಯನ್ನಿನವರೇ ಒಂದು ಮಾದರಿ ಫೈಲ್ ಕೊಟ್ಟಿದ್ದಾರೆ, ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ರೆಡ್ ಹ್ಯಾಟ್ ಅನ್ನುವ ಇನ್ನೊಂದು ಲಿನಕ್ಸ್ ಕಡೆ ಇದಕ್ಕೆ 'ಕಿಕ್‌ಸ್ಟಾರ್ಟ್' ಅನ್ನುತ್ತಾರೆ. ಅಲ್ಲಿ ಇನ್‌ಸ್ಟಾಲ್ ಮುಗಿದ ಮೇಲೆ ನೀವು ಕೊಟ್ಟ ಉತ್ತರಗಳ ಫೈಲ್ ರೂಟ್, ಅಂದರೆ ಮಷಿನ್ನಿನ ಪೂರ್ಣ ಅಧಿಕಾರ ಇರುವ ಬಳಕೆದಾರನ ಫೋಲ್ಡರಿನಲ್ಲಿ ತಾನಾಗಿಯೇ ಕೂತಿರುತ್ತದೆ. ಯುನಿಕ್ಸ್‌ನದೇ ಒಂದು ಬಗೆಯಾದ ಸೋಲಾರಿಸ್‌ನಲ್ಲಿ 'ಪಿಕೆಜಿಆಸ್ಕ್' ಅನ್ನುವ ಕಮಾಂಡ್ ಇತ್ತು. ಪ್ಯಾಕೇಜ್, ಅಂದರೆ ಸಾಫ್ಟ್‌ವೇರಿನ ಕಟ್ಟು, ಹಾಕದೆ ಬರೀ ಪ್ರಶ್ನೆ ಕೇಳಿ ಉತ್ತರ ಬರೆದಿಡುತ್ತಿತ್ತು.

ಇನ್ನೊಂದು ವಿಷಯ ಹೇಳಲೇಬೇಕು. ಡೆಬ್‌ಕಾನ್ಫ್‌ಗೆ 'ನಾನ್‌ಇಂಟರಾಕ್ಟಿವ್', ಅಂದರೆ ಏನೂ ಕೇಳಬೇಡ, ಅಂತ ಹಾಕಿದರೆ ಎಲ್ಲ ಆಯ್ತು ಅಂದುಕೊಳ್ಳುತ್ತಾರೆ. ಇಲ್ಲ. ಅದು ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುತ್ತದೆ, ಉತ್ತರ ಕೊಡುವುದಿಲ್ಲ. ನೀವು ಬರೆದಿಡದ ಕಡೆ ಪ್ಯಾಕೇಜ್ ಮಾಡಿದವರು ಇಟ್ಟ ಉತ್ತರವೇ ನಡೆಯುತ್ತದೆ.

ಡಿಸ್ಕಿನ ಪ್ರಶ್ನೆಯನ್ನು ಮಾತ್ರ ನಾನು ಬೇಕಂತಲೇ ಖಾಲಿ ಬಿಡುತ್ತೇನೆ. ಒಂದೇ ಡಿಸ್ಕ್ ಇದ್ದರೆ ಇನ್‌ಸ್ಟಾಲರ್ ಅದನ್ನೇ ತೆಗೆದುಕೊಳ್ಳುತ್ತದೆ. ಎರಡಿದ್ದರೆ ಯಾವುದು ಅಂತ ನಿಂತು ಕೇಳುತ್ತದೆ. ಎರಡನೇ ಸಲ ಅದೇ ಲ್ಯಾಬಿನಲ್ಲಿ ಎಲ್ಲ ಮಷಿನ್‌ಗಳನ್ನೂ ನೆಟ್‌ವರ್ಕಿನಿಂದ ಬೂಟ್ ಮಾಡಿ ಬಾಗಿಲು ಹಾಕಿಕೊಂಡು ಊಟಕ್ಕೆ ಹೋದೆವು. ಬಂದಾಗ 29 ಮುಗಿದು ಲಾಗಿನ್ ಕೇಳುತ್ತಿದ್ದವು. ಮೂಲೆಯದು ಮಾತ್ರ ನಿಂತಿತ್ತು, ಯಾವ ಡಿಸ್ಕ್ ಅಂತ ಕೇಳುತ್ತಾ. ಬಿಚ್ಚಿ ನೋಡಿದರೆ ಒಳಗೆ ಯಾರೋ ಸೇರಿಸಿದ್ದ ಹಳೇ ಡಿಸ್ಕ್ ಇತ್ತು, ಅದರ ತುಂಬಾ ಹುಡುಗರ ಪ್ರಾಜೆಕ್ಟ್ ಕೆಲಸ.