ನಾಳೆಯ ವ್ಯಾಕರಣ, ಕಂಪನಿಯ ಖರ್ಚು

'ದಿನಾ ಎಂಟಕ್ಕೆ ಬರುತ್ತೇನೆ', 'ನಾಳೆ ಎಂಟಕ್ಕೆ ಬರುತ್ತೇನೆ'. ಎರಡರಲ್ಲೂ ಕ್ರಿಯಾಪದ ಒಂದೇ. 'ಬರುವೆನು' ಎಂಬ ಭವಿಷ್ಯತ್ ರೂಪ ಕನ್ನಡದಲ್ಲಿದ್ದರೂ ಮಾತಿನಲ್ಲಿ ಅದನ್ನೇ ಬಳಸಬೇಕೆಂಬ ಕಟ್ಟುಪಾಡಿಲ್ಲ. ಜರ್ಮನ್ನರೂ ನಾಳೆ ಬರುವ ಮಳೆಯನ್ನು ವರ್ತಮಾನದ ಕ್ರಿಯಾಪದದಲ್ಲೇ ಹೇಳಿ ಮುಗಿಸುತ್ತಾರೆ. ಇಂಗ್ಲಿಷಿನಲ್ಲಿ ಅದೇ ಮುನ್ಸೂಚನೆಗೆ 'ವಿಲ್' ಎಂದೋ 'ಗೋಯಿಂಗ್ ಟು' ಎಂದೋ ಸೇರಿಸಲೇಬೇಕು.

ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದು ಅರ್ಥಶಾಸ್ತ್ರಜ್ಞ ಕೀತ್ ಚೆನ್ 2013ರಲ್ಲಿ ದೊಡ್ಡ ವಾದವನ್ನೇ ಮುಂದಿಟ್ಟರು. ನಾಳೆಗೆ ಬೇರೆಯದೇ ರೂಪ ಬೇಕೆನ್ನುವ ಭಾಷೆಯವರಿಗೆ ನಾಳೆ ದೂರದ್ದಾಗಿ ತೋರುತ್ತದೆ, ಹಾಗಾಗಿ ಅವರ ಉಳಿತಾಯ ಕಡಿಮೆ ಎಂಬುದು ಅದರ ಸಾರ. ಹಾವೋ ಲಿಯಾಂಗ್, ಕ್ರಿಸ್ಟೋಫರ್ ಮಾರ್ಕ್ವಿಸ್ ಮತ್ತು ಸಂಗಡಿಗರು ಇದನ್ನು ಕಂಪನಿಗಳಿಗೂ ಅನ್ವಯಿಸಿ ನೋಡಿದರು. ಸಾಮಾಜಿಕ ಹೊಣೆಗಾರಿಕೆ, ಅಂದರೆ ಸಿಎಸ್‌ಆರ್, ಮತ್ತು ಸಂಶೋಧನೆ ಎರಡರಲ್ಲೂ ಖರ್ಚು ಈ ವರ್ಷದ್ದು, ಫಲ ಮಾತ್ರ ಎಷ್ಟೋ ವರ್ಷಗಳ ನಂತರದ್ದು. ಹಲವು ದೇಶಗಳ ಸಾವಿರಾರು ಕಂಪನಿಗಳನ್ನು ಹೋಲಿಸಿ 2018ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಭವಿಷ್ಯತ್ ರೂಪ ಕಡ್ಡಾಯವಿರುವ ಭಾಷೆಯಲ್ಲಿ ಕೆಲಸ ನಡೆಸುವ ಕಂಪನಿಗಳು ಎರಡರಲ್ಲೂ ಹಿಂದೆ. ಹೊರದೇಶಗಳ ವ್ಯವಹಾರ ಹೆಚ್ಚಿರುವ ಕಂಪನಿಗಳಲ್ಲಿ ಮಾತ್ರ ಈ ಅಂತರ ತೆಳುವಾಗಿತ್ತು.

ಕೇಳಲು ಸೊಗಸಾಗಿದೆ. ಆದರೆ ಲೆಕ್ಕದ ಒಳಗೆ ಇಳಿದರೆ ಮೂರು ಕಡೆ ಕಾಲು ಜಾರುತ್ತದೆ.

ಮೊದಲನೆಯದು ಭಾಷೆಗಳ ನೆಂಟಸ್ತಿಕೆ. ಸ್ವೀಡಿಷ್, ಡ್ಯಾನಿಷ್, ನಾರ್ವೇಜಿಯನ್ ಒಂದೇ ಮೂಲದವು. ಅವನ್ನಾಡುವ ದೇಶಗಳು ಅಕ್ಕಪಕ್ಕದವು, ಕಾನೂನು, ಕಾರ್ಮಿಕ ಸಂಘಟನೆ, ತೆರಿಗೆಗಳಲ್ಲೂ ಹೋಲಿಕೆಯಿದೆ. ಇವನ್ನು ಮೂರು ಬೇರೆ ಸಾಕ್ಷಿಗಳೆಂದು ಎಣಿಸಿದರೆ ಒಬ್ಬನ ಮಾತನ್ನೇ ಮೂರು ಸಲ ಬರೆದುಕೊಂಡಂತೆ. ಶಾನ್ ರಾಬರ್ಟ್ಸ್, ಜೇಮ್ಸ್ ವಿಂಟರ್ಸ್ ಮತ್ತು ಸ್ವತಃ ಚೆನ್ ಸೇರಿ 2015ರಲ್ಲಿ ಭಾಷಾ ಕುಟುಂಬ, ಭೌಗೋಳಿಕ ಸಾಮೀಪ್ಯಗಳನ್ನು ಲೆಕ್ಕಕ್ಕೆ ತಂದಾಗ ಉಳಿತಾಯದ ನಂಟು ಬಹಳಷ್ಟು ಸಡಿಲವಾಯಿತು. ತಮ್ಮ ವಾದವನ್ನು ತಾವೇ ಒರೆಗೆ ಹಚ್ಚಲು ಒಪ್ಪಿದ ಚೆನ್ ಅವರನ್ನು ಮೆಚ್ಚಲೇಬೇಕು.

ಎರಡನೆಯದು ಸಿಎಸ್‌ಆರ್ ಅಳೆಯುವ ಕೋಲು. ಪರಿಸರ, ಸಮಾಜ, ಆಡಳಿತದ ವಿಷಯದಲ್ಲಿ ಕಂಪನಿ ಹೇಗಿದೆಯೆಂದು ಆರು ಪ್ರಮುಖ ಸಂಸ್ಥೆಗಳು ಕೊಡುವ ಇಎಸ್‌ಜಿ ಅಂಕಗಳನ್ನು ಬರ್ಗ್, ಕೋಲ್ಬೆಲ್, ರಿಗೊಬಾನ್ ಹೋಲಿಸಿದಾಗ ಸರಾಸರಿ ಸಹಸಂಬಂಧ (ಪೂರ್ತಿ ಹೊಂದಿದರೆ 1) ಸಿಕ್ಕಿದ್ದು 0.54 ಮಾತ್ರ. ಅಂದರೆ ಒಬ್ಬರ ಪಟ್ಟಿಯಲ್ಲಿ ಮೇಲಿರುವ ಕಂಪನಿ ಇನ್ನೊಬ್ಬರಲ್ಲಿ ನಡುವೆ ಇರಬಹುದು. ಕೋಲು ಬದಲಾದರೆ ಫಲಿತಾಂಶವೂ ಬದಲಾದೀತು.

ಮೂರನೆಯದು ನಮಗೆ ಹತ್ತಿರದ್ದು: ಕಂಪನಿಯ ಭಾಷೆ ಯಾವುದು? ಬೆಂಗಳೂರಿನ ಕಾರ್ಖಾನೆಯೊಂದರ ಆಡಳಿತ ಮಂಡಳಿಯ ಕಡತವೆಲ್ಲ ಇಂಗ್ಲಿಷಿನಲ್ಲಿ, ಶಾಪ್‌ಫ್ಲೋರಿನ ಮಾತು ಕನ್ನಡ ಮತ್ತು ಹಿಂದಿಯಲ್ಲಿ, ನಿರ್ದೇಶಕರ ಮನೆಮಾತು ಇನ್ನೊಂದು. ಒಂದು ದೇಶಕ್ಕೋ ಕಂಪನಿಗೋ ಒಂದೇ ಭಾಷೆಯ ಚೀಟಿ ಅಂಟಿಸುವ ವಿಧಾನ ಇಲ್ಲಿ ನಡೆಯದು.

ಜೊತೆಗೆ ಭಾರತದಲ್ಲಿ ಖರ್ಚಿನ ಮೊತ್ತ ನೋಡಿ ಮನಸ್ಸು ತಿಳಿಯುವುದೂ ಕಷ್ಟ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ವ್ಯಯಿಸಬೇಕು. ಸರಾಸರಿ 10 ಕೋಟಿಯಾದರೆ 20 ಲಕ್ಷ. ವ್ಯಾಕರಣ ಯಾವುದಾದರೇನು, ಕಾಯ್ದೆ ಎಲ್ಲರನ್ನೂ ಒಂದೇ ಗೆರೆಗೆ ತಂದು ನಿಲ್ಲಿಸುತ್ತದೆ.

ನೋಡಬೇಕಾದ್ದು ಆ 20 ಲಕ್ಷ ಎಲ್ಲಿಗೆ ಹೋಯಿತೆಂಬುದನ್ನು. ಮಾರ್ಚ್ ಒಳಗೆ ಶಾಲಾ ಬ್ಯಾಗ್ ಹಂಚಿ ಮುಗಿಸಬಹುದು. ಇಲ್ಲವೇ ಕೆರೆಯ ಹೂಳೆತ್ತಿ, ನೀರು ಬರುವ ಕಾಲುವೆ ಸರಿಪಡಿಸಿ, ಒಂದೆರಡು ಮಳೆಗಾಲ ಕಾದು ನೋಡಬಹುದು. ಇಂಥದ್ದಕ್ಕೆ ನಿಯಮದಲ್ಲಿ 'ಚಾಲ್ತಿ ಯೋಜನೆ' ಎಂಬ ದಾರಿಯಿದೆ: ಆರಂಭದ ಹಣಕಾಸು ವರ್ಷ ಬಿಟ್ಟು ಗರಿಷ್ಠ ಮೂರು ವರ್ಷ. ಅದಕ್ಕಾಗಿ ಮೀಸಲಿಟ್ಟು ಉಳಿದ ಹಣವನ್ನು ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು. ಚಾಲ್ತಿ ಯೋಜನೆಗಳ ಪಾಲು ಎಷ್ಟೆಂದು ನೋಡಿದರೆ ಮುಂದಾಲೋಚನೆಯ ಸುಳಿವು ಒಟ್ಟು ಮೊತ್ತಕ್ಕಿಂತ ಚೆನ್ನಾಗಿ ಸಿಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಭಾಷೆಯ ಪಾತ್ರವನ್ನೇ ಬೇರ್ಪಡಿಸಿ ನೋಡಬೇಕೆಂದರೆ ಪ್ರಯೋಗವೇ ಆಗಬೇಕು. ಕನ್ನಡ, ಇಂಗ್ಲಿಷ್ ಎರಡೂ ಬಲ್ಲ ವ್ಯವಸ್ಥಾಪಕರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಬ್ಯಾಗೋ ಕೆರೆಯೋ ಎಂಬ ಒಂದೇ ಪ್ರಶ್ನೆಯನ್ನು ಒಂದೊಂದು ಗುಂಪಿಗೆ ಒಂದೊಂದು ಭಾಷೆಯಲ್ಲಿ ಕೇಳಬೇಕು. ಇಲ್ಲೂ ಒಂದು ತೊಡಕಿದೆ. ಕಲಿತ ಭಾಷೆಯಲ್ಲಿ ಯೋಚಿಸುವಾಗ ನಷ್ಟದ ಅಂಜಿಕೆಯಂಥ ಪೂರ್ವಗ್ರಹಗಳು ತಗ್ಗುತ್ತವೆಂದು ಬೋವಾಜ್ ಕೈಸರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದಾರೆ. ಆಗ ಉತ್ತರ ಬದಲಾದದ್ದು ಭವಿಷ್ಯತ್ ರೂಪದಿಂದಲೋ, ಭಾಷೆ ಮನೆಯದಲ್ಲ ಎಂಬುದರಿಂದಲೋ ತಿಳಿಯದು. ಹಾಗಾಗಿ ಮೂರನೇ ಗುಂಪೊಂದು ಬೇಕು: ಕನ್ನಡವನ್ನು ದೊಡ್ಡವರಾದ ಮೇಲೆ ಕಲಿತು ಈಗ ಅದರಲ್ಲೇ ವ್ಯವಹರಿಸುವವರು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಕಚೇರಿಗಳಲ್ಲಿ ಅಂಥವರಿಗೆ ಕೊರತೆಯಿಲ್ಲ.