ಅದೃಷ್ಟಕ್ಕೆ ದಾರಿ ಬಿಡುವ ಮಾತುಕತೆ

1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಇಬ್ಬರು ಸಂಶೋಧಕರಿಗೆ ಒಂದು ಸದ್ದು ತಲೆನೋವಾಗಿತ್ತು. ಆರ್ನೊ ಪೆನ್ಸಿಯಾಸ್ ಮತ್ತು ರಾಬರ್ಟ್ ವಿಲ್ಸನ್ ತಮ್ಮ ಕಹಳೆಯಾಕಾರದ ರೇಡಿಯೊ ಆಂಟೆನಾವನ್ನು ಆಕಾಶದ ಯಾವ ಮೂಲೆಗೆ ತಿರುಗಿಸಿದರೂ, ಹಗಲಾಗಲಿ ರಾತ್ರಿಯಾಗಲಿ, ಅದೇ ಸಣ್ಣ ಗೊರಗೊರ. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿದರು, ಹಿಕ್ಕೆ ಕೆರೆದು ತೆಗೆದರು, ಲೋಹದ ಹಾಳೆಗಳ ಸಂದುಗಳಿಗೆ ಟೇಪ್ ಅಂಟಿಸಿದರು. ಸದ್ದು ಜಗ್ಗಲಿಲ್ಲ. ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡಿಕಿಯವರ ತಂಡ ಸರಿಯಾಗಿ ಅದೇ ಸದ್ದನ್ನು ಹುಡುಕಲೆಂದು ಉಪಕರಣ ಕಟ್ಟುತ್ತಿತ್ತು. ಇವರ ಕೆಲಸ ಅವರಿಗೆ ಗೊತ್ತಿಲ್ಲ, ಅವರದ್ದು ಇವರಿಗೆ ಗೊತ್ತಿಲ್ಲ.

ಎರಡೂ ಕಡೆಯನ್ನು ಸೇರಿಸಿದ್ದು ಒಂದು ಫೋನ್ ಕರೆ, ಅದೂ ಬೇರೆ ಯಾವುದೋ ವಿಷಯಕ್ಕೆ ಮಾಡಿದ್ದು. ಪೆನ್ಸಿಯಾಸ್ ಮಾತಾಡಿದ್ದು ಬರ್ನಾರ್ಡ್ ಬರ್ಕ್ ಎಂಬ ರೇಡಿಯೊ ಖಗೋಳವಿಜ್ಞಾನಿಯ ಜೊತೆ. ಅಳತೆಯ ಕೆಲಸ ಹೇಗೆ ನಡೆದಿದೆ ಎಂದು ಬರ್ಕ್ ವಿಚಾರಿಸಿದರು. ಕೆಲಸವೇನೋ ಸಾಗಿದೆ, ಆದರೆ ಒಂದು ವಿಷಯ ಅರ್ಥವಾಗುತ್ತಿಲ್ಲ ಎಂದರು ಪೆನ್ಸಿಯಾಸ್. ಪ್ರಿನ್ಸ್‌ಟನ್‌ನ ಯುವ ವಿಜ್ಞಾನಿ ಜಿಮ್ ಪೀಬಲ್ಸ್ ಇಂಥದ್ದೇ ಸದ್ದಿನ ಬಗ್ಗೆ ಕೊಟ್ಟ ಒಂದು ಉಪನ್ಯಾಸದ ಸುದ್ದಿಯನ್ನು ಬರ್ಕ್ ತಮ್ಮ ಸಹೋದ್ಯೋಗಿ ಕೆನ್ ಟರ್ನರ್ ಬಾಯಿಂದ ಕೇಳಿದ್ದರು. ಡಿಕಿಗೆ ಫೋನ್ ಮಾಡಿ ನೋಡಿ ಎಂದರು. ಆ ಗೊರಗೊರ, ವಿಶ್ವದ ಶೈಶವದಿಂದ ಉಳಿದುಬಂದ ವಿಕಿರಣವಾಗಿತ್ತು. 1978ರಲ್ಲಿ ಪೆನ್ಸಿಯಾಸ್ ಮತ್ತು ವಿಲ್ಸನ್ ಅವರಿಗೆ ನೊಬೆಲ್ ಬಂತು, 2019ರಲ್ಲಿ ಪೀಬಲ್ಸ್‌ಗೂ.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ಇದನ್ನು ತಳ್ಳಿಹಾಕಬಹುದು. ಆದರೆ ಸರಪಳಿಯನ್ನು ಬಿಚ್ಚಿ ನೋಡಿ. ಟರ್ನರ್ ತಾನು ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಿದರು. ಬರ್ಕ್ ತನಗೆ ಸಂಬಂಧವಿಲ್ಲದ ಕೆಲಸದ ಬಗ್ಗೆ ವಿಚಾರಿಸಿದರು. ಪೆನ್ಸಿಯಾಸ್ ‘ಚೆನ್ನಾಗಿ ನಡೀತಿದೆ’ ಎಂದು ಮಾತು ಮುಗಿಸದೆ ತನಗೆ ತಿಳಿಯದ್ದನ್ನು ತಿಳಿಯದು ಎಂದರು. ಮೂರರಲ್ಲಿ ಒಂದು ತಪ್ಪಿದ್ದರೂ ಆ ಕರೆಯಿಂದ ಏನೂ ಹುಟ್ಟುತ್ತಿರಲಿಲ್ಲ. ಆಕಸ್ಮಿಕ ಯಾವಾಗ ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಅದು ಬರುವ ದಾರಿಗಳ ಸಂಖ್ಯೆ ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಒಂದೊಂದು ದಾರಿಯೂ ಬಲು ಕಿರಿದು. ಎಷ್ಟು ಕಿರಿದು ಎಂಬುದಕ್ಕೆ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದು ಲೆಕ್ಕ ಕೊಡುತ್ತದೆ. ಅನುದಾನಕ್ಕೆ ಅರ್ಜಿ ಹಾಕಲು ಆಸಕ್ತಿಯಿದ್ದ ಸುಮಾರು 400 ಸಂಶೋಧಕರನ್ನು ಚೀಟಿ ಎತ್ತಿದಂತೆ ಬೇರೆಬೇರೆ ಕೋಣೆಗಳಿಗೆ ಹಂಚಿ, 90 ನಿಮಿಷ ತಮ್ಮತಮ್ಮ ಕೆಲಸದ ಬಗ್ಗೆ ಮಾತಾಡಲು ಬಿಟ್ಟರು. ಒಂದೇ ಕೋಣೆಯಲ್ಲಿದ್ದ ಇಬ್ಬರು ಮುಂದೆ ಜೊತೆಯಾಗಿ ಅರ್ಜಿ ಹಾಕುವ ಸಾಧ್ಯತೆ ಶೇ 75ರಷ್ಟು ಹೆಚ್ಚಿತು. ಕೇಳಲು ದೊಡ್ಡ ಸಂಖ್ಯೆ. ಆದರೆ ಮೂಲ ಸಾಧ್ಯತೆ ಶೇ 0.16 ಇದ್ದದ್ದು ಶೇ 0.28ಕ್ಕೆ ಏರಿತು, ಅಷ್ಟೆ. ಅಂದರೆ ಸಾವಿರ ಜೋಡಿಗಳಲ್ಲಿ ಮೂರೂ ತುಂಬಲಿಲ್ಲ. ‘ಈ ಒಬ್ಬರನ್ನು ಭೇಟಿಯಾದರೆ ಎಲ್ಲ ಬದಲಾಗುತ್ತದೆ’ ಎಂದುಕೊಂಡು ಹೋಗುವವರು ನಿರಾಶರಾಗಿ ಮರಳುವುದು ಇದಕ್ಕೇ.

ಸಣ್ಣ ಸಾಧ್ಯತೆಗಳು ಕೂಡುವ ರೀತಿ ಮಾತ್ರ ಬೇರೆ. ಒಂದು ಮಾತುಕತೆಯಿಂದ ಉಪಯೋಗದ ಏನೋ ಒಂದು ಹುಟ್ಟುವ ಸಾಧ್ಯತೆ ಶೇ 1 ಎಂದಿಟ್ಟುಕೊಳ್ಳಿ. ವಾರಕ್ಕೊಂದು ಹೊಸ ಮಾತುಕತೆಯಾದರೆ, ವರ್ಷದಲ್ಲಿ ಒಂದಾದರೂ ಫಲಿಸುವ ಸಾಧ್ಯತೆ ಸುಮಾರು ಶೇ 41. ವಾರಕ್ಕೆರಡಾದರೆ ಶೇ 65. ಈ ಲೆಕ್ಕಕ್ಕೆ ಒಂದು ಷರತ್ತಿದೆ: ಪ್ರತಿ ಮಾತುಕತೆಯೂ ಬೇರೆ ಕಡೆಯ ಸುದ್ದಿ ತರಬೇಕು. ಒಂದೇ ಗುಂಪಿನ ಐವತ್ತು ಜನರ ಜೊತೆ ಮಾತಾಡಿದರೆ ಒಂದೇ ಸುದ್ದಿಯನ್ನು ಐವತ್ತು ಸಲ ಕೇಳಿದಂತೆ.

ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದ್ದು ಇದನ್ನೇ. ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಅವರು ಕೇಳಿದರು: ಸುದ್ದಿ ಕೊಟ್ಟ ವ್ಯಕ್ತಿಯನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ಎಂದವರು ಶೇ 16.7 ಮಾತ್ರ. ಆಗೀಗ ಎಂದವರು ಶೇ 55.6, ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಎಂದವರು ಶೇ 27.8. ಆಪ್ತರಿಗೆ ನಮ್ಮ ಮೇಲೆ ಕಾಳಜಿ ಹೆಚ್ಚು, ನಿಜ. ಆದರೆ ಅವರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ನಾವು ಕಾಲಿಡದ ವಲಯಗಳಲ್ಲಿ ಓಡಾಡುತ್ತಾರೆ.

ಹಾಗೆಂದು ದೂರವಾದಷ್ಟೂ ಒಳ್ಳೆಯದು ಎನ್ನುವಂತಿಲ್ಲ. 2022ರಲ್ಲಿ ವೃತ್ತಿ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಐದು ವರ್ಷದ ಪ್ರಯೋಗಗಳನ್ನು ವಿಶ್ಲೇಷಿಸಿದವರು ಕಂಡದ್ದು ನಡುವೆ ಉಬ್ಬಿದ ಗೆರೆಯನ್ನು. ಕೆಲಸ ಬದಲಿಸಲು ಹೆಚ್ಚು ನೆರವಾದದ್ದು ತೀರಾ ಆಪ್ತರೂ ಅಲ್ಲದ, ತೀರಾ ಅಪರಿಚಿತರೂ ಅಲ್ಲದ ಜನ. ಇಬ್ಬರಿಗೂ ಗೊತ್ತಿರುವವರು ಹತ್ತರ ಆಸುಪಾಸಿನಲ್ಲಿ ಇರುವಂಥವರು. ಯಾರೆಂದೇ ಗೊತ್ತಿಲ್ಲದವರನ್ನು ಸಾವಿರಗಟ್ಟಲೆ ಪಟ್ಟಿಗೆ ಸೇರಿಸಿಕೊಂಡರೆ ಪಟ್ಟಿ ಬೆಳೆಯುತ್ತದೆ, ಅಷ್ಟೆ.

ದಾರಿ ತೆರೆದಿದ್ದರೆ ಸಾಲದು, ಬಂದದ್ದು ಕಣ್ಣಿಗೂ ಬೀಳಬೇಕು. 2013ರ ಒಂದು ಪ್ರಯೋಗದಲ್ಲಿ 24 ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಗಂಟುಗಳನ್ನು ಹುಡುಕಲು ಹೇಳಿದರು. ಕೊನೆಯ ಸ್ಕ್ಯಾನ್‌ನಲ್ಲಿ ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವನ್ನು ಸೇರಿಸಿದ್ದರು. 20 ಮಂದಿಗೆ ಅದು ಕಾಣಲೇ ಇಲ್ಲ. ಅವರಲ್ಲಿ ಹಲವರ ನೋಟ ನೇರವಾಗಿ ಅದರ ಮೇಲೇ ಬಿದ್ದಿತ್ತು. ‘ಕೆಲಸ ಇದೆಯಾ’ ಎಂಬ ಒಂದೇ ಪ್ರಶ್ನೆ ಹೊತ್ತು ಮಾತಿಗೆ ಕೂತವರ ಕಥೆಯೂ ಹೆಚ್ಚುಕಡಿಮೆ ಇಷ್ಟೇ. ಮಾತಿನ ನಡುವೆ ಬಂದುಹೋದ ಒಂದು ತರಬೇತಿ, ಒಂದು ಹೆಸರು, ಒಂದು ಹೊಸ ಯೋಜನೆ ಕಿವಿಯ ಮೇಲೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ಇದಕ್ಕೆ ಸುಲಭದ ಉಪಾಯ, ತಲೆಯಲ್ಲಿ ಮೂರು ಬೇರೆಬೇರೆ ಪ್ರಶ್ನೆಗಳನ್ನು ಇಟ್ಟುಕೊಂಡಿರುವುದು: ಕೆಲಸದ್ದೊಂದು, ಕಲಿಯಬೇಕೆಂದಿರುವುದರದ್ದೊಂದು, ಸುಮ್ಮನೆ ಕುತೂಹಲದ್ದೊಂದು. ಮೂರನೆಯದು ವ್ಯರ್ಥ ಎನಿಸಬಹುದು. ಮಾತು ಹೆಚ್ಚು ಬಿಚ್ಚಿಕೊಳ್ಳುವುದು ಅದರಿಂದಲೇ.

ಇಷ್ಟೆಲ್ಲ ಗೊತ್ತಿದ್ದೂ ಜನ ಬಾಯಿ ಬಿಡುವುದಿಲ್ಲ. ಕಾರಣ ಸಂಕೋಚ, ಮತ್ತು ಆ ಸಂಕೋಚ ತಪ್ಪು ಅಂದಾಜಿನ ಮೇಲೆ ನಿಂತಿದೆ. 2014ರಲ್ಲಿ ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಷಿಕಾಗೋದ ರೈಲು, ಬಸ್ಸುಗಳ ಪ್ರಯಾಣಿಕರಲ್ಲಿ ಕೆಲವರಿಗೆ ಪಕ್ಕದವರ ಜೊತೆ ಮಾತಾಡಲು, ಕೆಲವರಿಗೆ ಒಬ್ಬರೇ ಕೂರಲು ಹೇಳಿದರು. ಮಾತಾಡಿದರೆ ಪ್ರಯಾಣ ಕಿರಿಕಿರಿಯಾಗುತ್ತದೆ ಎಂಬುದು ಜನರ ಊಹೆ. ಮಾತಾಡಿದವರ ಪ್ರಯಾಣವೇ ಹೆಚ್ಚು ಹಿತವಾಗಿತ್ತು. 2018ರ ಇನ್ನೊಂದು ಅಧ್ಯಯನದಲ್ಲಿ, ಹೊಸದಾಗಿ ಮಾತಾಡಿದ ಇಬ್ಬರೂ ‘ನಾನು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ’ ಎಂದುಕೊಂಡರು. ನಿಜದಲ್ಲಿ ಇಬ್ಬರಿಗೂ ಒಬ್ಬರಿಗೊಬ್ಬರು ಹಿಡಿಸಿದ್ದರು. ನೆರವು ಕೇಳುವ ವಿಷಯದಲ್ಲೂ ಹೀಗೇ: ಒಪ್ಪುವವರ ಸಂಖ್ಯೆಯನ್ನು ನಾವು ಬಹಳ ಕಡಿಮೆ ಎಣಿಸುತ್ತೇವೆ ಎಂದು ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಬೋನ್ಸ್ 2008ರಲ್ಲಿ ತೋರಿಸಿದರು. ಇಮೇಲ್‌ನಲ್ಲಿ ಮಾತ್ರ ತಪ್ಪು ತಿರುಗುಮುರುಗಾಗುತ್ತದೆ, ಅಲ್ಲಿ ನಮ್ಮ ಭರವಸೆ ಅತಿ. 2017ರ ಪ್ರಯೋಗವೊಂದರಲ್ಲಿ ಅಪರಿಚಿತರಿಗೆ ಮುಖಾಮುಖಿಯಾಗಿ ಮಾಡಿದ ಕೋರಿಕೆ ಇಮೇಲ್‌ಗಿಂತ 34 ಪಟ್ಟು ಹೆಚ್ಚು ಫಲಿಸಿತು.

ಇನ್ನು ಮಾತಿನ ವಿಷಯ. ಶುರು ಹೇಗಾದರೂ ಆಗಲಿ. ಇಬ್ಬರ ಕಣ್ಣೆದುರೇ ಇರುವ ಯಾವುದನ್ನಾದರೂ ಹಿಡಿದು ಮಾತು ತೆಗೆದರೆ ಸಾಕು. ಅದಕ್ಕೆ ಜಾಣತನದ ವಾಕ್ಯ ಹುಡುಕುತ್ತ ಕೂರುವುದು ಕಾಲಹರಣ. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ, ಉತ್ತರ ಒಂದೇ ಪದದಲ್ಲಿ ಬಂದರೆ, ಅಲ್ಲಿಗೇ ಬಿಟ್ಟುಬಿಡಿ. ನಿಜವಾದ ಕೆಲಸ ಇರುವುದು ಎರಡನೆಯ ಪ್ರಶ್ನೆಯಲ್ಲಿ. ‘ಏನು ಕೆಲಸ ಮಾಡ್ತೀರಿ’ ಎಂದು ಕೇಳಿ, ಉತ್ತರ ಬಂದೊಡನೆ ತಮ್ಮ ಕೆಲಸದ ವರದಿ ಒಪ್ಪಿಸುವವರೇ ಹೆಚ್ಚು. ಅದರ ಬದಲು ಬಂದ ಉತ್ತರದೊಳಗಿನ ಒಂದು ಪದವನ್ನು ಹಿಡಿದು ಕೇಳಿ: ‘ಗೋದಾಮಿನ ಲೆಕ್ಕ ಅಂದ್ರಿ, ಅದರಲ್ಲಿ ಜಾಸ್ತಿ ತಲೆ ತಿನ್ನೋದು ಯಾವುದು?’ ತೊಂದರೆಯ ಬಗ್ಗೆ ಕೇಳಿದಾಗ ಜನ ಸಿದ್ಧ ಉತ್ತರ ಬಿಟ್ಟು ಯೋಚಿಸಿ ಮಾತಾಡತೊಡಗುತ್ತಾರೆ.

ನಿಮ್ಮ ಸರದಿ ಬಂದಾಗ ಹೇಳಬೇಕಾದದ್ದು ನಿಮ್ಮ ಹುದ್ದೆಗಿಂತ ಹೆಚ್ಚಾಗಿ ನೀವು ಎಲ್ಲಿ ಸಿಕ್ಕಿಬಿದ್ದಿದ್ದೀರಿ ಎಂಬುದನ್ನು. ‘ನಾನು ಡೇಟಾ ಕ್ಷೇತ್ರದಲ್ಲಿದ್ದೇನೆ, ಏನಾದರೂ ಅವಕಾಶವಿದ್ದರೆ ಹೇಳಿ’ ಎಂಬ ಮಾತಿಗೆ ಕೇಳುವವರ ನೆನಪಿನಲ್ಲಿ ಏನೂ ಮಿಸುಕುವುದಿಲ್ಲ. ಹೀಗೆ ಹೇಳಿ ನೋಡಿ: ‘ಹಳೇ ಕೈಬರಹದ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದ ಓದಿಸ್ತಿದ್ದೇನೆ. ಬೇರೆಲ್ಲ ಸರಿ ಬರುತ್ತೆ, ಮಸಿ ಹರಡಿದ ಕಡೆ ಪ್ರೋಗ್ರಾಂ ಸೋಲುತ್ತೆ. ಹಳೇ ಕಾಗದ ಕಾಪಾಡೋ ಕೆಲಸದವರು ಯಾರಾದ್ರೂ ಗೊತ್ತಾ?’ ಇಪ್ಪತ್ತು ಸೆಕೆಂಡಿನ ಮಾತು. ಮಾಡುತ್ತಿರುವುದೇನು, ಎಲ್ಲಿ ನಿಂತಿದೆ, ಎಂಥವರು ಬೇಕು ಎಂಬ ಮೂರೂ ಇದರಲ್ಲಿವೆ. ಕಾಗದ, ಮಸಿ, ದಾಖಲೆ ಎಂಬ ಒಂದೊಂದು ಪದವೂ ಕೇಳುವವರ ನೆನಪಿನಲ್ಲಿ ಯಾರದೋ ಮುಖವನ್ನು ಎಳೆದು ತರಬಲ್ಲದು. ಕಷ್ಟ ಹೇಳಿಕೊಂಡರೆ ಸಣ್ಣವರಾಗುತ್ತೇವೆ ಎಂಬ ಅಳುಕು ಹಲವರಿಗಿದೆ. ಪೆನ್ಸಿಯಾಸ್‌ಗೆ ಆ ಅಳುಕು ಇದ್ದಿದ್ದರೆ ಪಾರಿವಾಳಗಳನ್ನು ಇನ್ನಷ್ಟು ದಿನ ಓಡಿಸುತ್ತಿದ್ದರೇನೋ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೆರಾಕ್ಸ್ ಯಂತ್ರದ ಬಳಿ ನಡೆದದ್ದೂ ಹೀಗೆಯೇ. 1990ರ ದಶಕದ ಕೊನೆಯಲ್ಲಿ ಅಲ್ಲಿ ಪರಿಚಯವಾದ ವಿಜ್ಞಾನಿಗಳಲ್ಲಿ ಕ್ಯಾಟಲಿನ್ ಕರಿಕೊ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀವಕೋಶಕ್ಕೆ ಸೂಚನೆ ಒಯ್ಯುವ ಅಣು) ಕುರಿತ ಕೆಲಸದಲ್ಲಿದ್ದರು, ಡ್ರೂ ವೈಸ್‌ಮನ್‌ಗೆ ಲಸಿಕೆ ತಯಾರಿಸಬೇಕಿತ್ತು. 2005ರಲ್ಲಿ ಅವರ ಮುಖ್ಯ ಪ್ರಬಂಧ ಬಂತು, 2023ರಲ್ಲಿ ನೊಬೆಲ್. ಇಂಥ ಕಥೆಗಳನ್ನು ಹೇಳುವಾಗ ಎಚ್ಚರವೂ ಬೇಕು: ಜಗತ್ತಿನ ಉಳಿದೆಲ್ಲ ಜೆರಾಕ್ಸ್ ಯಂತ್ರಗಳ ಮುಂದೆ ನಡೆದು ಏನೂ ಹುಟ್ಟದ ಮಾತುಗಳನ್ನು ಯಾರೂ ಬರೆದಿಡುವುದಿಲ್ಲ. ಮಾತಿನ ಆಚೆಗೆ ಇಬ್ಬರ ಬಳಿಯೂ ವರ್ಷಗಟ್ಟಲೆಯ ಕೆಲಸವಿತ್ತು ಎಂಬುದನ್ನೂ ಮರೆಯುವಂತಿಲ್ಲ. ಬರಿಗೈಲಿ ಎಷ್ಟು ಜನರನ್ನು ಕಂಡರೂ ಕೊಟ್ಟು ತೆಗೆದುಕೊಳ್ಳಲು ಏನೂ ಇರುವುದಿಲ್ಲ.

ಹೊಸಬರನ್ನು ಹುಡುಕುವ ಭರದಲ್ಲಿ ಹಳಬರು ಮರೆತುಹೋಗುತ್ತಾರೆ. ಮೂರು ವರ್ಷಕ್ಕೂ ಮೇಲ್ಪಟ್ಟು ಸಂಪರ್ಕವಿಲ್ಲದ ಸಹೋದ್ಯೋಗಿಗಳನ್ನು ಮತ್ತೆ ಮಾತಾಡಿಸಲು ವ್ಯವಸ್ಥಾಪಕರಿಗೆ ಹೇಳಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅಲ್ಲಿಂದ ಸಿಕ್ಕ ಸಲಹೆಯಲ್ಲಿ ಹೊಸತನ ಹೆಚ್ಚಿತ್ತು, ಹಳೆಯ ನಂಬಿಕೆಯೂ ಹಾಗೇ ಉಳಿದಿತ್ತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಗ್ಗದ ದಾರಿ ಇದು. ಸಂದೇಶ ನಾಲ್ಕೈದು ಸಾಲಿರಲಿ: ಎಲ್ಲಿಯ ಪರಿಚಯ, ಈಗ ನೆನಪಾದದ್ದು ಯಾಕೆ, ಒಂದೇ ಒಂದು ಪ್ರಶ್ನೆ, ಬಿಡುವಿಲ್ಲದಿದ್ದರೆ ಉತ್ತರಿಸದಿದ್ದರೂ ಪರವಾಗಿಲ್ಲ ಎಂಬ ಮಾತು. ನೆನಪಾದ ಕಾರಣ ನಿಜವಾಗಿರಬೇಕು. ‘ಹೇಗಿದ್ದೀರಿ, ಬಹಳ ದಿನವಾಯ್ತು’ ಎಂದು ಬರೆದು ಮರುದಿನವೇ ಶಿಫಾರಸು ಕೇಳುವವರ ಬಣ್ಣ ಎರಡನೇ ಸಂದೇಶಕ್ಕೇ ಬಯಲಾಗುತ್ತದೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಬಹುದು, ಆಮೇಲೆ ಸುಮ್ಮನಿರುವುದು ಮರ್ಯಾದೆ.

ಸಮಾರಂಭಗಳಲ್ಲಿ ಎಡವುವುದು ಬೇರೆ ಕಡೆ. 2007ರಲ್ಲಿ ಪಾಲ್ ಇಂಗ್ರಾಂ ಮತ್ತು ಮೈಕೆಲ್ ಮಾರಿಸ್ ಒಂದು ಕೂಟದ ಅತಿಥಿಗಳಿಗೆ ಎಲೆಕ್ಟ್ರಾನಿಕ್ ಬ್ಯಾಡ್ಜ್ ತೊಡಿಸಿ ಯಾರು ಯಾರ ಜೊತೆ ನಿಂತರು ಎಂದು ಅಳೆದರು. ಹೊಸಬರನ್ನು ಭೇಟಿಯಾಗಲೆಂದೇ ಬಂದೆವು ಎಂದವರು ಬಹಳಷ್ಟು ಹೊತ್ತು ಹಳಬರ ಜೊತೆಯೇ ಕಳೆದರು. ಜೊತೆಗೆ ಬಂದವರಿಂದ ಅರ್ಧ ಗಂಟೆ ಬೇರೆಯಾಗಿರುವ ಒಪ್ಪಂದ ಮೊದಲೇ ಆಗಿದ್ದರೆ ಇದು ತಪ್ಪುತ್ತದೆ. ಗುಂಪಿನೊಳಗೆ ಸೇರಲು ಆಗದಿದ್ದರೆ ಅಂಚಿನಲ್ಲಿ ಒಂಟಿಯಾಗಿ ನಿಂತವರ ಬಳಿ ಹೋಗಿ. ಮಾತುಗಾರರಲ್ಲದವರಿಗೆ ಇಬ್ಬರ ಮಾತು ಹತ್ತು ಜನರ ಮಾತಿಗಿಂತ ಹಗುರ.

ಮಾತಿನಲ್ಲಿ ಏನಾದರೂ ಕಳಿಸುತ್ತೇನೆ ಎಂದಿದ್ದರೆ ಎರಡು ದಿನದೊಳಗೆ ಕಳಿಸಿ. ಎಲ್ಲರನ್ನೂ ಗೆಳೆಯರಾಗಿಸಿಕೊಳ್ಳುವ ಹಂಬಲ ಬೇಡ. ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆಯ ಒಡನಾಟ, ಗಾಢ ಗೆಳೆತನಕ್ಕೆ 200 ಗಂಟೆಗೂ ಹೆಚ್ಚು ಬೇಕು ಎಂದು ಜೆಫ್ರಿ ಹಾಲ್ ಲೆಕ್ಕ ಹಾಕಿದ್ದಾರೆ. ಅಷ್ಟು ಗಂಟೆ ಯಾರ ಬಳಿಯೂ ಇಲ್ಲ. ದೂರದವರು ದೂರದಲ್ಲೇ ಇದ್ದು ವರ್ಷಕ್ಕೆರಡು ಸಲ ಮಾತಾಡಿದರೂ ಈ ಲೇಖನದ ಉದ್ದೇಶಕ್ಕೆ ಸಾಕು.

ನಿಮಗೆ ಗೊತ್ತಿರುವ ಇಬ್ಬರನ್ನು ಪರಸ್ಪರ ಪರಿಚಯಿಸುವಾಗಲೂ ಒಂದು ಕ್ರಮವಿದೆ. ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಒಬ್ಬರು ಬೇಡವೆಂದರೆ ಇನ್ನೊಬ್ಬರಿಗೆ ‘ಸದ್ಯ ಅವರಿಗೆ ಬಿಡುವಿಲ್ಲ’ ಎಂದಷ್ಟೇ ತಿಳಿಸಿ. ಇಬ್ಬರೂ ಒಪ್ಪಿದರೆ ಒಂದೇ ಸಂದೇಶದಲ್ಲಿ ಯಾರಿಗೆ ಯಾರಿಂದ ಏನು ಪ್ರಯೋಜನವಾಗಬಹುದು ಎಂದು ಎರಡು ಸಾಲು ಬರೆದು ಸೇರಿಸಿ. ಅವರಿಬ್ಬರ ಮಾತು ಶುರುವಾದ ಮೇಲೆ ನೀವು ಗುಂಪಿನಿಂದ ಹೊರಬರಬಹುದು.