120 ಹಲ್ಲುಗಳ ಸಂದು

ಎಣ್ಣೆಯ ತೆಳುಪದರದ ಮೇಲೆ ತೇಲುತ್ತಾ ತಿರುಗುವ ಶಾಫ್ಟ್, ಸುತ್ತಲೂ ಅದನ್ನು ಹೊತ್ತಿರುವ ಬೇರಿಂಗ್. ಎಣ್ಣೆಯ ಒತ್ತಡಕ್ಕೆ ಬೇರಿಂಗ್‌ನ ಒಳಮೈ ಕೆಲವೇ ಮೈಕ್ರಾನ್‌ಗಳಷ್ಟು (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ತಗ್ಗುತ್ತದೆ. ಇಂಥದ್ದೊಂದು ಕಂಪ್ಯೂಟರ್ ಸಿಮ್ಯುಲೇಶನ್ ಮುಗಿಸಿ, ಎರಡು ಮೈಗಳ ನಡುವಿನ ಅತಿ ಕಿರಿದಾದ ಸಂದು ಕಾಲ ಕಳೆದಂತೆ ಹೇಗೆ ಬದಲಾಗುತ್ತದೆ ಎಂದು ಗ್ರಾಫ್ ತೆಗೆದೆ. ಹೊರೆ ಸ್ಥಿರವಾಗಿತ್ತು, ವೇಗವೂ ಸ್ಥಿರವಾಗಿತ್ತು. ಆದರೂ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುತ್ತಿತ್ತು. ಕಂಪನವಿರಬೇಕೆಂದು ಎರಡು ದಿನ ಅದರ ಮೂಲ ಹುಡುಕಿದೆ. ಮೂರನೆಯ ದಿನ ಹಲ್ಲುಗಳನ್ನು ಎಣಿಸಿದೆ: ಒಂದು ಸುತ್ತಿಗೆ 120. ಶಾಫ್ಟ್‌ಗೂ ಬೇರಿಂಗ್‌ಗೂ ಮೆಶ್ ಮಾಡುವಾಗ, ಅಂದರೆ ಲೆಕ್ಕಕ್ಕಾಗಿ ಸಣ್ಣ ತುಂಡುಗಳಾಗಿ ಒಡೆಯುವಾಗ, ಸುತ್ತಳತೆಗೆ ನಾನು ಕೊಟ್ಟಿದ್ದ ವಿಭಾಗಗಳೂ 120.

ಲೆಕ್ಕ ಹಾಕಿ ನೋಡೋಣ. ಶಾಫ್ಟ್‌ನ ತ್ರಿಜ್ಯ 25 ಮಿ.ಮೀ., ಬೇರಿಂಗ್‌ನ ತ್ರಿಜ್ಯ ಅದಕ್ಕಿಂತ 50 ಮೈಕ್ರಾನ್ ಹೆಚ್ಚು. ಶಾಫ್ಟ್‌ನ ಕೇಂದ್ರ 30 ಮೈಕ್ರಾನ್ ಸರಿದಿದ್ದರೆ ಒಂದು ಬದಿಯಲ್ಲಿ 20 ಮೈಕ್ರಾನ್ ಸಂದು ಉಳಿಯುತ್ತದೆ, ಎದುರು ಬದಿಯಲ್ಲಿ 80. ಈಗ ವೃತ್ತವನ್ನು 120 ಭುಜಗಳ ಬಹುಭುಜಾಕೃತಿಯಾಗಿ ಮಾಡಿ. ಪ್ರತಿ ಭುಜದ ನಡುಭಾಗ ನಿಜವಾದ ವೃತ್ತಕ್ಕಿಂತ 8.6 ಮೈಕ್ರಾನ್ ಒಳಗೆ ಬೀಳುತ್ತದೆ. ಶಾಫ್ಟ್‌ನ ಮೂಲೆಗೆ ಬೇರಿಂಗ್‌ನ ಮೂಲೆ ಎದುರಾದಾಗ ಅಳತೆ ಸರಿಯಾಗಿಯೇ 20 ಬರುತ್ತದೆ. ಶಾಫ್ಟ್ ಇನ್ನು ಒಂದೂವರೆ ಡಿಗ್ರಿ ತಿರುಗಿತೆಂದರೆ ಅದರ ಮೂಲೆ ಬೇರಿಂಗ್‌ನ ಭುಜದ ನಡುಭಾಗಕ್ಕೆ ಎದುರಾಗುತ್ತದೆ, ಅಳತೆ 11.4ಕ್ಕೆ ಇಳಿಯುತ್ತದೆ. ಮತ್ತೆ ಒಂದೂವರೆ ಡಿಗ್ರಿ, ಮತ್ತೆ 20. ನಾನು ಹುಡುಕುತ್ತಿದ್ದ ಕಂಪನ ಇದೇ.

ಇದು ಸಣ್ಣ ತಪ್ಪಲ್ಲ. ಕಿರಿದಾದ ಸಂದಿನಲ್ಲಿ ಒತ್ತಡದಿಂದಾಗಿ ನಿಧಾನವಾಗಿ ಹರಿಯುವ ದ್ರವದ ಪ್ರಮಾಣ ಸಂದಿನ ಅಗಲದ ಘನಕ್ಕೆ ಅನುಪಾತದಲ್ಲಿರುತ್ತದೆ. 20ರ ಬದಲು 11.4 ಎಂದು ನಂಬಿದರೆ, ಆ ಜಾಗದ ಇಂಥ ಹರಿವು ನಿಜವಾದದ್ದರ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ ಎಂದಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾವು ಕಾಣಬೇಕೆಂದಿದ್ದ ವಿರೂಪವೇ ಕೆಲವು ಮೈಕ್ರಾನ್. ಅದು ಈ ಹಲ್ಲುಗಳಲ್ಲಿ ಪೂರ್ತಿ ಮುಚ್ಚಿಹೋಗಿತ್ತು.

ಲೆಕ್ಕ ಮಾಡುವ ಪ್ರೋಗ್ರಾಂ, ಅಂದರೆ ನನ್ನ ಸಾಲ್ವರ್, ತಪ್ಪು ಮಾಡಿರಲಿಲ್ಲ. ಅದು ಬಾಗಿದ ಎಲಿಮೆಂಟ್‌ಗಳ (ಮೆಶ್‌ನ ತುಂಡುಗಳ) ಮೇಲೆಯೇ ಲೆಕ್ಕ ಮಾಡಿತ್ತು. ಫಲಿತಾಂಶವನ್ನು ಕಡತಕ್ಕೆ ಬರೆಯುವಾಗ ಮೂಲೆಯ ಬಿಂದುಗಳು ಮಾತ್ರ ಉಳಿದು, ಬಾಗು ನೇರ ಗೆರೆಯಾಗಿತ್ತು. ಹಾಗಾಗಿ ಈ ಕೆಲಸದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ: ಅಳೆಯುತ್ತಿರುವ ಮೈ ಲೆಕ್ಕ ಮಾಡಿದ ಮೈಯೇ, ಅಥವಾ ಅದರ ಒರಟು ಪ್ರತಿಯೇ? ವಿಭಾಗಗಳನ್ನು ಮೂರು ಪಟ್ಟು ಮಾಡಿದರೆ ಈ ದೋಷ ಒಂಬತ್ತು ಪಟ್ಟು ತಗ್ಗುತ್ತದೆ. 360 ವಿಭಾಗಗಳಿಗೆ ಅದು ಒಂದು ಮೈಕ್ರಾನ್‌ಗಿಂತ ಕಡಿಮೆ.

ಎರಡನೆಯ ತಪ್ಪನ್ನು ಹೊಸಬರ ಸ್ಕ್ರಿಪ್ಟ್‌ಗಳಲ್ಲಿ ಮತ್ತೆ ಮತ್ತೆ ಕಾಣುತ್ತೇನೆ: ಒಂದು ಮೈಯ ಬಿಂದುವಿನಿಂದ ಇನ್ನೊಂದು ಮೈಯ ಅತಿ ಹತ್ತಿರದ ಬಿಂದುವಿಗೆ ಇರುವ ದೂರವನ್ನೇ ಸಂದು ಎಂದು ಬರೆಯುವುದು. 0.5 ಮಿ.ಮೀ. ಚೌಕಗಳ ಮೆಶ್‌ನಲ್ಲಿ 0.1 ಮಿ.ಮೀ. ಸಂದನ್ನು ಹೀಗೆ ಅಳೆದರೆ, ಚೌಕದ ನಡುವಿಗೆ ಎದುರಾದ ಬಿಂದುವಿನಿಂದ ಸುಮಾರು 0.37 ಬರುತ್ತದೆ. ಬಿಂದುವಿನಿಂದ ಎದುರಿನ ತ್ರಿಕೋನಕ್ಕೆ, ಅಂದರೆ ಮೈಗೇ, ದೂರ ಅಳೆಯಬೇಕು. ಇಂಥ ದತ್ತಾಂಶವನ್ನು ಸಂಸ್ಕರಿಸಿ ಚಿತ್ರಿಸುವ ವಿಟಿಕೆ (VTK) ಎಂಬ ಸಾಫ್ಟ್‌ವೇರ್ ಲೈಬ್ರರಿಯಲ್ಲಿ ಇದಕ್ಕೆ ಸಿದ್ಧ ಸಾಧನಗಳಿವೆ. ಎರಡೂ ದಿಕ್ಕಿನಿಂದ ಅಳೆಯಿರಿ, ಏಕೆಂದರೆ ಈ ಮೈಯ ಬಿಂದುಗಳಿಂದ ಆ ಮೈಗೆ ಸಿಗುವ ಕನಿಷ್ಠವೂ ಆ ಮೈಯ ಬಿಂದುಗಳಿಂದ ಈ ಮೈಗೆ ಸಿಗುವ ಕನಿಷ್ಠವೂ ಒಂದೇ ಆಗಬೇಕಿಲ್ಲ.

ವಿರೂಪಗೊಂಡ ಮೈಯನ್ನು ಕಟ್ಟುವುದರಲ್ಲೂ ಎಚ್ಚರ ಬೇಕು. ಮೆಶ್ ತಾನೇ ಚಲಿಸಿದ್ದರೆ ಕಡತದಲ್ಲಿರುವ ಬಿಂದುಗಳು ಆಗಲೇ ಹೊಸ ಜಾಗದಲ್ಲಿರುತ್ತವೆ. ಅದರ ಮೇಲೆ ಪ್ಯಾರಾವ್ಯೂನಲ್ಲಿ (ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಸಾಫ್ಟ್‌ವೇರ್) ಸ್ಥಾನಪಲ್ಲಟವನ್ನು, ಅಂದರೆ ಪ್ರತಿ ಬಿಂದು ಸರಿದ ದೂರವನ್ನು, ಮತ್ತೊಮ್ಮೆ ಸೇರಿಸಿದರೆ ವಿರೂಪ ಎರಡು ಪಟ್ಟಾಗುತ್ತದೆ. ಚಿತ್ರ ನೋಡಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ವಿರೂಪವನ್ನು ಹಿಗ್ಗಿಸಿ ತೋರಿಸುವ ಗುಣಕವೂ 1 ಆಗಿರಬೇಕು.

ಕವಾಟಗಳ ವಿಷಯ ಬೇರೆ. ಕವಾಟದ ರೆಕ್ಕೆ ಮುಚ್ಚಿಕೊಳ್ಳುವಾಗ ಸಂದಿನ ಗ್ರಾಫ್ ಸೊನ್ನೆಗೆ ಇಳಿದು ತಕ್ಷಣ ತುಸು ಮೇಲೇಳುತ್ತದೆ. ರೆಕ್ಕೆ ಪುಟಿಯಿತು ಎಂದು ಬರೆಯುವ ಮುನ್ನ ದೂರಕ್ಕೆ ಚಿಹ್ನೆ ಇದೆಯೇ ನೋಡಿ. ಚಿಹ್ನೆಯಿಲ್ಲದ ದೂರ ಎಂದೂ ಋಣಾತ್ಮಕವಾಗುವುದಿಲ್ಲ. ಒಂದು ಮೈ ಇನ್ನೊಂದರೊಳಗೆ ಹೊಕ್ಕರೂ ಗ್ರಾಫ್‌ನಲ್ಲಿ ಅದು ಪುಟಿದಂತೆಯೇ ಕಾಣುತ್ತದೆ. ಗ್ರಾಫ್‌ನ ತಳ ಚಪ್ಪಟೆಯಾಗಿದ್ದರೆ ಕಾರಣ ಬೇರೆ: ದ್ರವದ ಮೆಶ್ ಪೂರ್ತಿ ನಜ್ಜುಗುಜ್ಜಾಗದಿರಲೆಂದು ಸಾಲ್ವರ್‌ನಲ್ಲಿ ಯಾರೋ ಇಟ್ಟ ಕನಿಷ್ಠ ಸಂದು ಅದು. ಜೊತೆಗೆ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಮುಚ್ಚುವ ರೆಕ್ಕೆಯ ಸ್ಥಿತಿಯನ್ನು ಮಿಲಿಸೆಕೆಂಡಿಗೊಮ್ಮೆ ಉಳಿಸಿದರೆ ಎರಡು ಚಿತ್ರಗಳ ನಡುವೆ ಅದು ಒಂದು ಮಿ.ಮೀ. ಸರಿದಿರುತ್ತದೆ. ನಿಜವಾದ ಕನಿಷ್ಠ ಆ ನಡುವೆಯೇ ಕಳೆದುಹೋಗಿರಬಹುದು.

ಕವಾಟದ ಸಂದು ಎಂದರೆ ಯಾವ ಸಂದು ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಮೈಗಳು ತಾಗುತ್ತವೆಯೇ ಎಂಬ ಪ್ರಶ್ನೆಗೆ ಅತಿ ಹತ್ತಿರದ ದೂರ ಸಾಕು. ಎಷ್ಟು ಸೋರುತ್ತದೆ ಎಂಬುದಕ್ಕೆ ಹರಿವಿಗೆ ಅಡ್ಡಲಾಗಿ ತೆರೆದಿರುವ ಕ್ಷೇತ್ರಫಲ ಬೇಕು. ರೆಕ್ಕೆಯ ಅಂಚಿನಲ್ಲಿ ಅತಿ ಹತ್ತಿರದ ಬಿಂದು ಓರೆಯಾಗಿ ಪೀಠದ (ರೆಕ್ಕೆ ಮುಚ್ಚಿದಾಗ ಕೂರುವ ಜಾಗದ) ತುದಿಯಲ್ಲೆಲ್ಲೋ ಸಿಗುತ್ತದೆ. ಆ ದೂರದಿಂದ ಸೋರಿಕೆ ಲೆಕ್ಕ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬೇರಿಂಗ್‌ನಲ್ಲಿ ಮಾತ್ರ ಎರಡೂ ಅಳತೆ ಹೆಚ್ಚುಕಡಿಮೆ ಒಂದೇ ಆಗುತ್ತವೆ, ಏಕೆಂದರೆ ಮೈಗಳು ಬಹುತೇಕ ಸಮಾನಾಂತರ.

ಆ 120 ಹಲ್ಲುಗಳ ನಂತರ, ವಿರೂಪವೇ ಇಲ್ಲದ ಶಾಫ್ಟ್ ಮತ್ತು ಬೇರಿಂಗ್‌ನ ಕಡತವೊಂದನ್ನು ಮಾಡಿಟ್ಟುಕೊಂಡಿದ್ದೇನೆ. ಅದರ ಉತ್ತರ ಮೊದಲೇ ಗೊತ್ತು: 20 ಮೈಕ್ರಾನ್. ಹೊಸ ಸ್ಕ್ರಿಪ್ಟ್ ಬರೆದಾಗಲೆಲ್ಲ ಶಾಫ್ಟ್ ಅನ್ನು 0.1 ಡಿಗ್ರಿಯಂತೆ ಮೂರು ಡಿಗ್ರಿ ತಿರುಗಿಸಿ, ಉತ್ತರ ಎಷ್ಟು ಅಲುಗಾಡುತ್ತದೆ ಎಂದು ನೋಡುತ್ತೇನೆ. ನಿಜವಾದ ಕೆಲಸಕ್ಕೆ ಬಳಸುವ ಮೆಶ್‌ನಷ್ಟೇ ಒರಟು ಮೆಶ್ ಇದಕ್ಕೂ ಇರಬೇಕು. ವರದಿಯಲ್ಲಿ ಸಂದಿನ ಅಂಕಿಯ ಪಕ್ಕದಲ್ಲೇ ಆ ಅಲುಗಾಟವನ್ನೂ ಬರೆಯುತ್ತೇನೆ.